ಹೊಟ್ಟೆ ಮುಂದೆ, ಕೆನ್ನೆ ಒಳಗೆ: ಎಚ್‌ಐವಿ ಇರುವವರ ಮೈಕೊಬ್ಬು ಬದಲಾದಾಗ ಏನು ಮಾಡಬೇಕು, ಹಂತ ಹಂತವಾಗಿ

"ಹೊಟ್ಟೆ ಕರಗಲಿ ಅಂತ ರಾತ್ರಿ ಊಟ ಬಿಟ್ಟೆ. ತೂಕ ಇಳಿಯಿತು. ಹೊಟ್ಟೆ ಹಾಗೇ ಇದೆ, ಕೆನ್ನೆ ಮಾತ್ರ ಇನ್ನೂ ಗುಳಿ ಬಿತ್ತು."

ಈ ದೂರು ಮತ್ತೆ ಮತ್ತೆ ಬರುತ್ತದೆ. ಇವರು ಕಷ್ಟಪಡಲಿಲ್ಲ ಅಂತಲ್ಲ. ಮೊದಲು ಮಾಡಬೇಕಾದ್ದನ್ನು ಬಿಟ್ಟು ಕೊನೆಯದಕ್ಕೆ ಕೈ ಹಾಕಿದ್ದಾರೆ, ಅಷ್ಟೇ. ಎಚ್‌ಐವಿ ಇರುವವರಲ್ಲಿ ಕೊಬ್ಬು ಮುಖ್ಯವಾಗಿ ಮೂರು ರೀತಿ ಬದಲಾಗುತ್ತದೆ. ಮೂರಕ್ಕೂ ಕಾರಣ ಬೇರೆ, ಮಾಡಬೇಕಾದ್ದು ಬೇರೆ. ಒಂದಕ್ಕೆ ಒಗ್ಗುವ ಉಪಾಯ ಇನ್ನೊಂದನ್ನು ಕೆಡಿಸಬಹುದು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಊಟ, ವ್ಯಾಯಾಮದ ಹಂತಕ್ಕೆ ನೇರ ಹಾರುವ ಆಸೆ ಆಗುತ್ತದೆ, ಗೊತ್ತು. ಹಾರಬೇಡಿ.

## ಮೊದಲು ಕೈಗೆ ಬೇಕಾದ್ದು

ಟೈಲರ್ ಬಳಸುವಂಥ ಹಿಗ್ಗದ ಅಳತೆ ಟೇಪು. ತೂಕದ ಯಂತ್ರ, ಪ್ರತಿ ಸಲ ಅದೇ ಯಂತ್ರ. ಒಂದು ಪುಸ್ತಕ, ಪೆನ್ನು. ಫೋಟೋ ತೆಗೆಯಲು ಫೋನು. ಇಲ್ಲಿಯವರೆಗೆ ತೆಗೆದುಕೊಂಡ ಎಲ್ಲ ಔಷಧಗಳ ಚೀಟಿಗಳು, ಹಳೆಯವೂ ಸೇರಿ. ದುಬಾರಿ ಸ್ಕ್ಯಾನ್ ಸದ್ಯಕ್ಕೆ ಬೇಡ.

## ಹಂತ 1: ಎಚ್‌ಐವಿ ಮಾತ್ರೆ ನಿಲ್ಲಿಸಬೇಡಿ

ಮೈ ಆಕಾರ ಬದಲಾದದ್ದು ಮಾತ್ರೆಯಿಂದಲೇ ಅಂತ ಅನ್ನಿಸಿದರೂ ಮಾತ್ರೆ ಬಿಡಬೇಡಿ. ದಿನ ಬಿಟ್ಟು ದಿನ ತೆಗೆದುಕೊಳ್ಳುವುದೂ ಬೇಡ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ, ಆ ಔಷಧಕ್ಕೇ ಬಗ್ಗದಂತೆ ಆಗಬಹುದು. ಆಗ ಬದಲಾಯಿಸಿಕೊಳ್ಳಲು ಇರುವ ಆಯ್ಕೆಗಳೇ ಕಡಿಮೆಯಾಗುತ್ತವೆ. ಅಂದರೆ ನಿಮ್ಮ ಮುಖ ಸರಿಹೋಗುವ ದಾರಿಯನ್ನು ನೀವೇ ಮುಚ್ಚಿಕೊಂಡ ಹಾಗೆ. ಮಾತ್ರೆ ಬಿಟ್ಟ ಮಾತ್ರಕ್ಕೆ ಹೋದ ಕೊಬ್ಬು ವಾಪಸ್ ಬರುವುದೂ ಇಲ್ಲ.

ಈಗಾಗಲೇ ತಪ್ಪಿಸುತ್ತಿದ್ದರೆ? ಮುಚ್ಚಿಡದೆ ವೈದ್ಯರಿಗೆ ಹೇಳಿ. ಕನ್ನಡಿ ನೋಡಿ ಬೇಜಾರಾಗಿ ಮಾತ್ರೆ ಬಿಟ್ಟವರು ನೀವೊಬ್ಬರೇ ಅಲ್ಲ.

## ಹಂತ 2: ನಿಮ್ಮದು ಯಾವ ಬಗೆ ಅಂತ ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಈ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

ಕೊಬ್ಬು ಕಳೆದುಕೊಳ್ಳುವ ಬಗೆ. ವೈದ್ಯರು ಇದನ್ನು ಲಿಪೊಅಟ್ರೊಫಿ ಅನ್ನುತ್ತಾರೆ. ಚರ್ಮದ ಕೆಳಗಿನ ಕೊಬ್ಬು ಹೋಗುತ್ತದೆ. ಕೆನ್ನೆ, ಕಣ್ಣಿನ ಪಕ್ಕದ ಕಣತಲೆ ಒಳಗೆ ಹೋಗುತ್ತವೆ. ಕೈಕಾಲು ಸಣಕಲಾಗಿ ನರಗಳು ಹಗ್ಗದಂತೆ ಎದ್ದು ಕಾಣುತ್ತವೆ. ಕುಂಡೆ ಚಪ್ಪಟೆಯಾಗಿ ಗಟ್ಟಿ ಕುರ್ಚಿಯ ಮೇಲೆ ಕೂತರೆ ನೋಯುತ್ತದೆ. ಇಲ್ಲಿ ಹೋಗಿರುವುದು ಕೊಬ್ಬು, ಸ್ನಾಯು ಅಲ್ಲ. ಹಾಗಾಗಿ ಕೈಕಾಲಿನ ಬಲ ಮೊದಲಿನಷ್ಟೇ ಇರುತ್ತದೆ. ಬಲವೂ ಇಳಿದಿದ್ದರೆ ಅದು ಬೇರೆ ವಿಷಯ, ವೈದ್ಯರಿಗೆ ಹೇಳಿ, ಹಂತ 5ರ ಲಕ್ಷಣಗಳನ್ನೂ ನೋಡಿ.

ಕೊಬ್ಬು ಒಂದೆಡೆ ಸೇರುವ ಬಗೆ. ಹೊಟ್ಟೆಯ ಒಳಗೆ, ಕತ್ತಿನ ಹಿಂದೆ ಬೆನ್ನು ಶುರುವಾಗುವಲ್ಲಿ, ಕತ್ತಿನ ಸುತ್ತ, ಎದೆಯಲ್ಲಿ ಕೊಬ್ಬು ಕೂರುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಮಲಗಿ ಹೊಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಿರಿ. ದಪ್ಪ ಮಡಿಕೆ ಕೈಗೆ ಸಿಕ್ಕರೆ ಅದು ಚರ್ಮದ ಕೆಳಗಿನ ಕೊಬ್ಬು. ಹೊಟ್ಟೆ ಮುಂದೆ ಬಂದಿದೆ, ಆದರೆ ಬಿಗಿಯಾಗಿದೆ, ಚಿವುಟಲು ಏನೂ ಸಿಗುವುದಿಲ್ಲ ಅಂದರೆ ಕೊಬ್ಬು ಬಹುಶಃ ಹೊಟ್ಟೆಯ ಸ್ನಾಯುವಿನ ಹಿಂದೆ, ಕರುಳು ಮತ್ತು ಯಕೃತ್ತಿನ ಸುತ್ತ ಇದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಹೆಚ್ಚು ಹತ್ತಿರದ ನಂಟು ಇರುವುದು ಈ ಒಳಗಿನ ಕೊಬ್ಬಿಗೆ.

ಇಡೀ ಮೈ ದಪ್ಪಗಾಗುವ ಬಗೆ. ಹೊಟ್ಟೆ, ತೊಡೆ, ತೋಳು, ಮುಖ ಎಲ್ಲವೂ ಒಟ್ಟಿಗೆ ತುಂಬಿಕೊಳ್ಳುತ್ತವೆ. ಚಿಕಿತ್ಸೆ ಶುರುವಾದ ಮೊದಲ ಒಂದೆರಡು ವರ್ಷದಲ್ಲಿ ಇದು ಸಾಮಾನ್ಯ. ಚಿಕಿತ್ಸೆಗೆ ಮುಂಚೆ ಕಾಯಿಲೆಯಿಂದ ಸೊರಗಿದ್ದವರಿಗೆ ಕಳೆದುಕೊಂಡ ತೂಕ ಮರಳಿ ಬರುವುದು ಒಳ್ಳೆಯ ಸುದ್ದಿಯೇ. ಚೇತರಿಕೆ ಎಲ್ಲಿ ಮುಗಿದು ಬೊಜ್ಜು ಎಲ್ಲಿ ಶುರುವಾಯಿತು ಅನ್ನುವುದೇ ಪ್ರಶ್ನೆ.

ಮೊದಲೆರಡು ಒಂದೇ ಮೈಯಲ್ಲಿ ಒಟ್ಟಿಗೆ ಇರಬಹುದು. ಹೊಟ್ಟೆ ಮುಂದೆ, ಕೆನ್ನೆ ಒಳಗೆ. ಹಾಗಿದ್ದರೆ ಎರಡನ್ನೂ ಬರೆದುಕೊಳ್ಳಿ. ಎರಡಕ್ಕೂ ಸೇರಿ ಲಿಪೊಡಿಸ್ಟ್ರೊಫಿ ಎಂಬ ಹೆಸರು ಬಳಕೆಯಲ್ಲಿದೆ. ವೈದ್ಯರ ಬಳಿ ಬರೀ ಆ ಪದ ಹೇಳಿದರೆ ಸಾಲದು. ಎಲ್ಲಿ ಹೋಗಿದೆ, ಎಲ್ಲಿ ಸೇರಿದೆ ಅಂತ ಹೇಳಬೇಕು.

## ಹಂತ 3: ಏನನ್ನೂ ಬದಲಿಸುವ ಮೊದಲು ಅಳೆಯಿರಿ

ಅಳತೆ ಇಲ್ಲದೆ ಶುರು ಮಾಡಿದರೆ ಆರು ತಿಂಗಳ ನಂತರ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬರೀ ತೂಕ ನೋಡಿದರೂ ಮೋಸ ಹೋಗುತ್ತೀರಿ. ಉದಾಹರಣೆಗೆ ತೂಕ 62 ಕಿಲೋ ಇದ್ದದ್ದು 62ರಲ್ಲೇ ಇದೆ, ಆದರೆ ಸೊಂಟ 5 ಸೆಂ.ಮೀ. ಹೆಚ್ಚಿ ತೊಡೆ 2 ಸೆಂ.ಮೀ. ಇಳಿದಿದೆ ಅಂದುಕೊಳ್ಳಿ. ಯಂತ್ರ ಏನೂ ಆಗಿಲ್ಲ ಅನ್ನುತ್ತದೆ, ಟೇಪು ಎಲ್ಲ ಹೇಳುತ್ತದೆ.

ಬೆಳಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು ಅಳೆಯಿರಿ. ಟೇಪು ಬರಿ ಮೈ ಮೇಲಿರಲಿ. ಚರ್ಮಕ್ಕೆ ತಾಗಬೇಕು, ಒತ್ತಬಾರದು.

ಸೊಂಟ: ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವಿನ ಜಾಗ. ಹೊಕ್ಕುಳ ನೋಡಿ ಅಳೆಯಬೇಡಿ. ಹೊಟ್ಟೆ ಜೋತಾಗ ಹೊಕ್ಕುಳವೂ ಕೆಳಗಿಳಿಯುತ್ತದೆ. ಪ್ಯಾಂಟಿನ ಸೈಜನ್ನೂ ನಂಬಬೇಡಿ, ಎಷ್ಟೋ ಜನ ಪ್ಯಾಂಟನ್ನು ಹೊಟ್ಟೆಯ ಕೆಳಗೆ ತೊಡುತ್ತಾರೆ. ಸಹಜವಾಗಿ ಉಸಿರು ಬಿಟ್ಟು ಆಗ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ.

ಪೃಷ್ಠ: ಅತಿ ಅಗಲವಾದ ಕಡೆ. ತೋಳು: ಭುಜದ ತುದಿ ಮತ್ತು ಮೊಣಕೈಯ ನಡುವೆ. ತೊಡೆ: ಮಂಡಿ ಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲೆ. 15 ಅಂತ ಶಾಸ್ತ್ರವೇನಿಲ್ಲ, ಪ್ರತಿ ಸಲ ಒಂದೇ ಜಾಗ ಆಗಿರಬೇಕು, ಅಷ್ಟೇ. ಕತ್ತಿನ ಸುತ್ತಳತೆಯನ್ನೂ ಬರೆದಿಡಿ. ಪ್ರತಿಯೊಂದನ್ನೂ ಎರಡು ಸಲ ಅಳೆಯಿರಿ. ಎರಡರ ನಡುವೆ 1 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯದು.

ಸೊಂಟದ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವುದು ನೆನಪಿಡಲು ಸುಲಭವಾದ ಲೆಕ್ಕ. ಎತ್ತರ 160 ಸೆಂ.ಮೀ. ಇದ್ದರೆ ಸೊಂಟ 80ರೊಳಗೆ. ಇನ್ನೊಂದು ಮಿತಿಯೂ ಇದೆ. ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಯುರೋಪ್ ಮೂಲದ ಗಂಡಸರಿಗೆ ಅದೇ ಮಿತಿ 94.

ಫೋಟೋ ತೆಗೆಯುವಾಗ ಒಂದೇ ಜಾಗ, ಒಂದೇ ಬೆಳಕು, ಒಂದೇ ದೂರ ಇರಲಿ. ಎದುರಿಂದ, ಪಕ್ಕದಿಂದ, ಹಿಂದಿನಿಂದ ಒಂದೊಂದು. ಮುಖಕ್ಕೆ ಪಕ್ಕದಿಂದ ಬೆಳಕು ಬೀಳಲಿ. ನೇರ ಫ್ಲ್ಯಾಶ್ ಹಾಕಿದರೆ ಗುಳಿ ಕಾಣುವುದೇ ಇಲ್ಲ. ಫೋಟೋಗಳನ್ನು ಲಾಕ್ ಇರುವ ಫೋಲ್ಡರಿನಲ್ಲಿಡಿ, ತಾನಾಗಿ ಬೇರೆಡೆ ಬ್ಯಾಕಪ್ ಆಗದಂತೆ ನೋಡಿಕೊಳ್ಳಿ.

ತಿಂಗಳಿಗೊಮ್ಮೆ ಅಳೆದರೆ ಸಾಕು. ದಿನಾ ಟೇಪು ಹಿಡಿದರೆ ತಲೆನೋವು ಹೆಚ್ಚುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ.

## ಹಂತ 4: ಔಷಧಗಳ ಪೂರ್ತಿ ಪಟ್ಟಿ ಬರೆಯಿರಿ

ಈಗಿನ ಔಷಧ ಮಾತ್ರ ಬರೆದರೆ ಅರ್ಧ ಕಥೆ ಆಗುತ್ತದೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ಏನು ತೆಗೆದುಕೊಂಡಿರಿ, ಬದಲಾವಣೆ ಯಾವಾಗ ಕಂಡಿತು, ಎರಡನ್ನೂ ಅಕ್ಕಪಕ್ಕ ಬರೆಯಿರಿ.

ಕೆನ್ನೆ, ಕೈಕಾಲು ಸೊರಗಿದ್ದರೆ ಮೊದಲು ಹುಡುಕಬೇಕಾದ ಹೆಸರು ಸ್ಟಾವುಡಿನ್, ನಂತರ ಜಿಡೊವುಡಿನ್. ಇವು ಕೊಬ್ಬಿನ ಕೋಶದೊಳಗಿನ ಮೈಟೊಕಾಂಡ್ರಿಯಾವನ್ನು ಹಾಳು ಮಾಡುತ್ತವೆ. ಶಕ್ತಿ ತಯಾರಿಸುವ ಭಾಗವೇ ಕೆಟ್ಟರೆ ಕೋಶ ಸಾಯುತ್ತದೆ. ಸ್ಟಾವುಡಿನ್ ಬಳಕೆಯನ್ನು ಹಂತ ಹಂತವಾಗಿ ಕೈಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿತು. ಜಿಡೊವುಡಿನ್ ಮಾತ್ರ ಕೆಲವರ ಚೀಟಿಯಲ್ಲಿ ಈಗಲೂ ಇರುತ್ತದೆ. ಒಂದೇ ಮಾತ್ರೆಯಲ್ಲಿ ಲಾಮಿವುಡಿನ್ ಜೊತೆ ಸೇರಿಕೊಂಡು ಬರುವುದರಿಂದ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ.

ಇಡೀ ಮೈ ತುಂಬಿಕೊಂಡಿದ್ದರೆ ಡೊಲುಟೆಗ್ರಾವಿರ್ ಅಥವಾ ಬಿಕ್ಟೆಗ್ರಾವಿರ್, ಅದರಲ್ಲೂ ಟೆನೊಫೊವಿರ್ ಅಲಾಫೆನಮೈಡ್ ಜೊತೆ ಇದೆಯೇ ನೋಡಿ. ಇವುಗಳಲ್ಲಿ ತೂಕ ಹೆಚ್ಚು ಏರುವುದು ಕಂಡಿದೆ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಹಿಂದೆ ಇದ್ದ ಎಫಾವಿರೆಂಜ್ ಅಥವಾ ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಬಿಟ್ಟ ಮೇಲೆ ತೂಕ ಏರಿತೇ ಅನ್ನುವುದೂ ಮುಖ್ಯ. ಅವೆರಡೂ ತೂಕವನ್ನು ಸ್ವಲ್ಪ ಅದುಮಿ ಹಿಡಿಯುತ್ತವೆ, ಬಿಟ್ಟಾಗ ಅದು ಮೇಲೇಳುತ್ತದೆ. ಗಂಡಸರಿಗೆ ಮೊಲೆ ದಪ್ಪಗಾಗಿದ್ದರೆ ಎಫಾವಿರೆಂಜ್ ಅನ್ನು ವೈದ್ಯರ ಗಮನಕ್ಕೆ ತನ್ನಿ.

ಇನ್ನು ಬಹಳ ಜನ ಬಿಟ್ಟುಬಿಡುವ ಸಾಲು: ಸ್ಟೀರಾಯ್ಡ್. ಉಬ್ಬಸದ ಇನ್ಹೇಲರ್, ಮೂಗಿನ ಸ್ಪ್ರೇ, ಮಂಡಿ ನೋವಿಗೆ ಹಾಕಿಸಿಕೊಂಡ ಇಂಜೆಕ್ಷನ್, ಚರ್ಮದ ಕ್ರೀಮ್, ಎಲ್ಲ ಬರೆಯಿರಿ. ನಿಮ್ಮ ಎಚ್‌ಐವಿ ಔಷಧದಲ್ಲಿ ರಿಟೊನಾವಿರ್ ಅಥವಾ ಕೊಬಿಸಿಸ್ಟಾಟ್ ಇದ್ದರೆ ಫ್ಲುಟಿಕಾಸೋನ್, ಬುಡೆಸೊನೈಡ್, ಟ್ರಯಾಮ್ಸಿನೊಲೋನ್‌ನಂಥವು ಮೈಯಲ್ಲಿ ಬೇಗ ಕರಗದೆ ಶೇಖರವಾಗುತ್ತವೆ. ಆಗ ಮುಖ ಗುಂಡಗಾಗಿ, ಕತ್ತಿನ ಹಿಂದೆ ಉಬ್ಬು ಎದ್ದು, ಹೊಟ್ಟೆ ಬರುತ್ತದೆ. ನೋಡಲು ಥೇಟ್ ಎಚ್‌ಐವಿಯ ಕೊಬ್ಬಿನ ಬದಲಾವಣೆಯೇ. ಜೊತೆಗೆ ಹೊಟ್ಟೆ ತೊಡೆಯ ಮೇಲೆ ನೇರಳೆ ಗೆರೆ, ಸಣ್ಣ ಪೆಟ್ಟಿಗೂ ಚರ್ಮ ಕಂದುವುದು, ಕೂತಲ್ಲಿಂದ ಏಳಲು ತೊಡೆಯಲ್ಲಿ ಬಲ ಸಾಲದಿರುವುದು ಇದ್ದರೆ ಅನುಮಾನ ಗಟ್ಟಿ. ಹೌದಾ ಅಂತ ಇನ್ಹೇಲರ್ ಅನ್ನು ದಿಢೀರ್ ನಿಲ್ಲಿಸಬೇಡಿ. ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರಬಹುದು. ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಬೆಕ್ಲೊಮೆಟಾಸೋನ್‌ನಂಥ ಬೇರೆ ಆಯ್ಕೆ ಇದೆಯೇ ಅಂತ ವೈದ್ಯರನ್ನು ಕೇಳಿ.

ಮಾನಸಿಕ ಕಾಯಿಲೆಯ ಕೆಲವು ಔಷಧಗಳು, ಮುಖ್ಯವಾಗಿ ಒಲಾಂಜಪಿನ್, ಮತ್ತೆ ಇನ್ಸುಲಿನ್ ಕೂಡ ತೂಕ ಏರಿಸುತ್ತವೆ. ಅವನ್ನೂ ಸೇರಿಸಿ.

## ಹಂತ 5: ಇದು ಕೊಬ್ಬೇ ಹೌದೇ?

ಎಲ್ಲ ಉಬ್ಬೂ ಕೊಬ್ಬಲ್ಲ, ಎಲ್ಲ ಸೊರಗುವಿಕೆಯೂ ಲಿಪೊಅಟ್ರೊಫಿ ಅಲ್ಲ. ಕೆಳಗಿನದರಲ್ಲಿ ಒಂದು ಕಂಡರೂ ಅಳತೆ ಪುಸ್ತಕ ಬದಿಗಿಟ್ಟು ಮೊದಲು ವೈದ್ಯರನ್ನು ನೋಡಿ:

- ಪ್ರಯತ್ನ ಪಡದೆಯೇ ತೂಕ ಇಳಿಯುತ್ತಿದೆ, ಜೊತೆಗೆ ಜ್ವರ, ರಾತ್ರಿ ಬೆವರು, ಕೆಮ್ಮು ಅಥವಾ ಬಿಡದ ಭೇದಿ ಇದೆ. ಇದು ಕ್ಷಯ ಅಥವಾ ಬೇರೆ ಸೋಂಕಿರಬಹುದು.
- ಕತ್ತು, ಕಂಕುಳಲ್ಲಿ ಗಟ್ಟಿ ಗಂಟು. ಕೊಬ್ಬು ಮೆತ್ತಗಿರುತ್ತದೆ, ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿರುತ್ತದೆ. ಒಂದೇ ಕಡೆ ಇರುವ ಗಟ್ಟಿ ಗಂಟಿಗೆ ತಪಾಸಣೆ ಬೇಕೇ ಬೇಕು. ಎದೆಯ ಗಂಟಿಗೂ ಇದೇ ಮಾತು.
- ಹೊಟ್ಟೆ ಕೆಲವೇ ದಿನಗಳಲ್ಲಿ ಉಬ್ಬಿದೆ, ಕಾಲು ಬಾತಿದೆ, ಕಣ್ಣು ಹಳದಿಯಾಗಿದೆ. ಇದು ನೀರು ತುಂಬಿದ ಲಕ್ಷಣ.
- ಸ್ಟಾವುಡಿನ್ ಅಥವಾ ಜಿಡೊವುಡಿನ್ ತೆಗೆದುಕೊಳ್ಳುತ್ತಿರುವವರಿಗೆ ವಾಂತಿ, ಹೊಟ್ಟೆ ನೋವು, ಅತಿ ಸುಸ್ತು, ಏದುಸಿರು ಒಟ್ಟಿಗೆ ಬಂದಿವೆ. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.
- ಕತ್ತಿನ ಹಿಂದಿನ ಉಬ್ಬಿನಿಂದ ತಲೆ ತಿರುಗಿಸಲು ಆಗುತ್ತಿಲ್ಲ, ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ.

## ಹಂತ 6: ರಕ್ತ ಪರೀಕ್ಷೆಗಳು

ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್, ಯಕೃತ್ತು ಹಾಗೂ ಮೂತ್ರಪಿಂಡದ ಪರೀಕ್ಷೆ, ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ), ಸಿಡಿ4 (ರೋಗ ತಡೆಯುವ ಕೋಶಗಳ ಲೆಕ್ಕ), ರಕ್ತದೊತ್ತಡ. ಇಷ್ಟು ಸಾಮಾನ್ಯವಾಗಿ ಸಾಕು. ಹೆಪಟೈಟಿಸ್ ಬಿ ಪರೀಕ್ಷೆ ಹಿಂದೆ ಆಗಿದೆಯೇ ನೋಡಿ, ಮುಂದಿನ ಹಂತಕ್ಕೆ ಅದು ಬೇಕು.

ಒಂದು ಸಣ್ಣ ಮೋಸ ಇಲ್ಲಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಎಚ್‌ಐವಿ ಇರುವವರಲ್ಲಿ, ಮುಖ್ಯವಾಗಿ ಜಿಡೊವುಡಿನ್ ಅಥವಾ ಅಬಕಾವಿರ್ ತೆಗೆದುಕೊಳ್ಳುವವರಲ್ಲಿ, ನಿಜಕ್ಕಿಂತ ಕಡಿಮೆ ತೋರಿಸಬಹುದು. ಅದೊಂದನ್ನೇ ನೋಡಿ ನಿಶ್ಚಿಂತೆ ಆಗಬೇಡಿ, ಖಾಲಿ ಹೊಟ್ಟೆಯ ಸಕ್ಕರೆಯೂ ಇರಲಿ.

## ಹಂತ 7: ಔಷಧ ಬದಲಾವಣೆಯ ಮಾತು

"ನನ್ನ ಮಾತ್ರೆ ಬದಲಾಯಿಸಿ ಡಾಕ್ಟ್ರೇ" ಅಂದರೆ ಮಾತು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು. ಅಳತೆ, ಫೋಟೋ, ಔಷಧ ಪಟ್ಟಿ ಮುಂದಿಟ್ಟು ಹೀಗೆ ಕೇಳಿ: "ಒಂದು ವರ್ಷದಲ್ಲಿ ತೊಡೆ ಇಷ್ಟು ಇಳಿದಿದೆ, ಕೆನ್ನೆ ಹೀಗಾಗಿದೆ. ನಾನು ಜಿಡೊವುಡಿನ್‌ನಲ್ಲಿ ಇದ್ದೇನೆ. ಬೇರೆಯದಕ್ಕೆ ಹೋಗಬಹುದಾ?"

ಕೊಬ್ಬು ಕಳೆದುಕೊಂಡವರಿಗೆ ಸ್ಟಾವುಡಿನ್, ಜಿಡೊವುಡಿನ್ ಬಿಡಿಸುವುದೇ ಮುಖ್ಯ ಚಿಕಿತ್ಸೆ. ಟೆನೊಫೊವಿರ್ ಅಥವಾ ಅಬಕಾವಿರ್‌ಗೆ ಬದಲಾದ ಮೇಲೆ ಕೈಕಾಲಿನ ಕೊಬ್ಬು ನಿಧಾನವಾಗಿ ಮರಳುತ್ತದೆ. ನಿಧಾನ ಅಂದರೆ ತಿಂಗಳುಗಳಲ್ಲ, ವರ್ಷಗಳು. ಎಲ್ಲವೂ ವಾಪಸ್ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಆದ್ದರಿಂದ ಕೆನ್ನೆ ಪೂರ್ತಿ ಒಳಗೆ ಹೋಗುವವರೆಗೆ ಕಾಯದೆ ಬೇಗ ಕೇಳಿ.

ಹೊಟ್ಟೆಯೊಳಗಿನ ಕೊಬ್ಬು, ಇಡೀ ಮೈಯ ತೂಕ, ಇವೆರಡರಲ್ಲಿ ಔಷಧ ಬದಲಾವಣೆಯಿಂದ ದೊಡ್ಡ ಲಾಭ ಕಂಡಿಲ್ಲ. ಡೊಲುಟೆಗ್ರಾವಿರ್ ಬಿಟ್ಟರೆ ತೂಕ ತಾನಾಗಿ ಇಳಿಯುತ್ತದೆ ಅಂತ ಹಠ ಹಿಡಿಯುವವರಿದ್ದಾರೆ. ವೈರಸ್ ಚೆನ್ನಾಗಿ ಅದುಮಿಟ್ಟಿರುವ ಔಷಧವನ್ನು ಅಷ್ಟಕ್ಕೇ ಬಿಟ್ಟುಕೊಡುವುದು ನನಗಂತೂ ಒಳ್ಳೆಯ ವ್ಯಾಪಾರ ಅನ್ನಿಸುವುದಿಲ್ಲ.

ಬದಲಿಸುವ ಮೊದಲು ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ. ನನಗೆ ಹೆಪಟೈಟಿಸ್ ಬಿ ಇದೆಯೇ? ಟೆನೊಫೊವಿರ್ ಅದನ್ನೂ ಹಿಡಿದಿಡುತ್ತದೆ, ಸುಮ್ನೆ ತೆಗೆದುಬಿಟ್ಟರೆ ಯಕೃತ್ತಿನ ಉರಿ ಭುಗಿಲೇಳಬಹುದು. ಅಬಕಾವಿರ್ ಕೊಡುವುದಾದರೆ ಅಲರ್ಜಿಯ ಎಚ್‌ಎಲ್‌ಎ-ಬಿ 5701 ಪರೀಕ್ಷೆ ಆಗಿದೆಯೇ?

## ಹಂತ 8: ಊಟ ಮತ್ತು ವ್ಯಾಯಾಮ, ನಿಮ್ಮ ಬಗೆಗೆ ತಕ್ಕಂತೆ

ಕೆನ್ನೆ, ಕೈಕಾಲು ಸೊರಗಿದವರು ಉಪವಾಸ ಮಾಡಬೇಡಿ. ಶುರುವಿನಲ್ಲಿ ಹೇಳಿದ ತಪ್ಪು ಇದೇ. ತೂಕ ಇಳಿಯುವಾಗ ಮೈ ಎಲ್ಲ ಕಡೆಯಿಂದ ಕೊಬ್ಬು ತೆಗೆಯುತ್ತದೆ. ಕೆನ್ನೆಯಲ್ಲಿ ಉಳಿದಿದ್ದ ಚೂರೂ ಹೋಗುತ್ತದೆ. ಇಂಥವರು ಹೊಟ್ಟೆ ತುಂಬ ತಿನ್ನಿ. ಸಕ್ಕರೆ ಪಾನೀಯ, ಕರಿದದ್ದು, ಮದ್ಯ ಕಡಿಮೆ ಮಾಡಿ. ಪ್ರೋಟೀನ್, ನಾರು ಜಾಸ್ತಿ ಇರಲಿ. ವ್ಯಾಯಾಮದಲ್ಲಿ ಭಾರ ಎತ್ತುವುದಕ್ಕೆ ಹೆಚ್ಚು ಒತ್ತು ಕೊಡಿ. ಹೋದ ಕೊಬ್ಬು ಅದರಿಂದ ಬರುವುದಿಲ್ಲ ನಿಜ, ಆದರೆ ಸ್ನಾಯು ಬೆಳೆದು ತೋಳು ತೊಡೆ ತುಂಬಿದಂತೆ ಕಾಣುತ್ತವೆ.

ಹೊಟ್ಟೆ ಅಥವಾ ಇಡೀ ಮೈ ಬೆಳೆದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯು ಬಲದ ವ್ಯಾಯಾಮ ಮಾಡಿ. ಹೊಟ್ಟೆಯ ಒಳಗಿನ ಕೊಬ್ಬು ಇದಕ್ಕೆ ಬಗ್ಗುತ್ತದೆ. ಬರೀ ಹೊಟ್ಟೆ ವ್ಯಾಯಾಮ ನೂರು ಸಲ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರೊಳಗಿನ ಕೊಬ್ಬು ಅಲ್ಲೇ ಇರುತ್ತದೆ.

ತೂಕ ಇಳಿಸುವ ಮಾತ್ರೆ, ಪುಡಿಗಳ ಬಗ್ಗೆ ಎಚ್ಚರ. ಆರ್ಲಿಸ್ಟ್ಯಾಟ್ ಎಚ್‌ಐವಿ ಔಷಧ ರಕ್ತಕ್ಕೆ ಸೇರುವುದನ್ನು ಕುಗ್ಗಿಸಬಹುದು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಹಲವು ಎಚ್‌ಐವಿ ಔಷಧಗಳನ್ನು ನಿಷ್ಪ್ರಯೋಜಕ ಮಾಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ಡೊಲುಟೆಗ್ರಾವಿರ್ ಅನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ. ಊಟದ ಜೊತೆಯಾದರೆ ಒಟ್ಟಿಗೇ ಆಗಬಹುದು.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಕೊಟ್ಟರೆ ಎರಡು ಮಾತು ನೆನಪಿಡಿ. ಡೊಲುಟೆಗ್ರಾವಿರ್ ಜೊತೆ ಅದರ ಪ್ರಮಾಣ ರಕ್ತದಲ್ಲಿ ಏರುತ್ತದೆ, ಸಾಮಾನ್ಯವಾಗಿ ದಿನಕ್ಕೆ 1000 ಮಿ.ಗ್ರಾಂ. ಮಿತಿ ಇಡುತ್ತಾರೆ. ಕೈಕಾಲು ಸೊರಗಿದವರಲ್ಲಿ ಅದು ಇನ್ನಷ್ಟು ಸೊರಗಿಸಬಹುದು.

## ಹಂತ 9: ಅಷ್ಟಾದರೂ ಬಗ್ಗದಿದ್ದರೆ

ಗುಳಿ ಬಿದ್ದ ಕೆನ್ನೆಗೆ ತುಂಬುವ ಇಂಜೆಕ್ಷನ್‌ಗಳಿವೆ. ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಇದೇ ಕಾರಣಕ್ಕೆ ಒಪ್ಪಿಗೆ ಕೊಟ್ಟಿತು, ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್‌ಗೆ 2006ರಲ್ಲಿ. ಇವು ಕಾಲಕ್ರಮೇಣ ಕರಗುತ್ತವೆ, ಮತ್ತೆ ಹಾಕಿಸಬೇಕು. ಎಂದೂ ಕರಗದ ಸಿಲಿಕೋನ್ ಹಾಕಿಸಿಕೊಂಡು ಗಂಟು ಕಟ್ಟಿದರೆ ತೆಗೆಯುವುದು ಕಷ್ಟ. ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಬೇಡಿ. ಜಿಡೊವುಡಿನ್ ಬಿಡುವ ಮೊದಲೇ ಕೆನ್ನೆ ತುಂಬಿಸುವುದೂ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಕತ್ತಿನ ಹಿಂದಿನ ಉಬ್ಬನ್ನು ಶಸ್ತ್ರಚಿಕಿತ್ಸೆ ಅಥವಾ ಲಿಪೊಸಕ್ಷನ್ ಮೂಲಕ ತೆಗೆಯಬಹುದು, ಮತ್ತೆ ಬರುವುದೂ ಉಂಟು. ಹೊಟ್ಟೆಯೊಳಗಿನ ಕೊಬ್ಬನ್ನು ಹೀಗೆ ಹೀರಿ ತೆಗೆಯಲು ಆಗುವುದಿಲ್ಲ, ಅದು ಕರುಳಿನ ನಡುವೆ ಇರುತ್ತದೆ. ಯಾರಾದರೂ ಆಗುತ್ತದೆ ಅಂದರೆ ಎದ್ದು ಬನ್ನಿ.

ಒಳಗಿನ ಕೊಬ್ಬಿಗೆಂದೇ ಎಫ್‌ಡಿಎ 2010ರಲ್ಲಿ ಒಪ್ಪಿದ ಔಷಧ ಟೆಸಾಮೊರೆಲಿನ್. ದಿನಾ ಚರ್ಮದಡಿ ಚುಚ್ಚಿಕೊಳ್ಳಬೇಕು. 26 ವಾರಗಳಲ್ಲಿ ಒಳಗಿನ ಕೊಬ್ಬು ಸರಾಸರಿ ಶೇ. 15ರಷ್ಟು ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ನಿಲ್ಲಿಸಿದರೆ ಮರಳಿ ಬರುತ್ತದೆ. ಗರ್ಭಿಣಿಯರಿಗೆ, ಕ್ಯಾನ್ಸರ್ ಇರುವವರಿಗೆ ಕೊಡುವುದಿಲ್ಲ. ಸಕ್ಕರೆ ಏರಬಹುದು. ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಔಷಧಗಳು ಬೊಜ್ಜಿದ್ದವರಿಗೆ ಕೆಲಸ ಮಾಡುತ್ತವೆ, ಆದರೆ ಮುಖ ಮತ್ತು ಸ್ನಾಯುವನ್ನೂ ಇಳಿಸುತ್ತವೆ. ಕೆನ್ನೆ ಗುಳಿ ಇರುವವರು ಎರಡು ಸಲ ಯೋಚಿಸಿ.

## ಹಂತ 10: ಎಷ್ಟು ಕಾಯಬೇಕು, ಏನನ್ನು ನೋಡಬೇಕು

ಔಷಧ ಬದಲಾದರೆ ಒಂದರಿಂದ ಮೂರು ತಿಂಗಳೊಳಗೆ ವೈರಲ್ ಲೋಡ್ ನೋಡಿಸಿ. ಕೊಬ್ಬಿನ ಫಲಿತಾಂಶಕ್ಕಿಂತ ಇದು ಮೊದಲು. ವ್ಯಾಯಾಮ ಶುರು ಮಾಡಿದವರು ಸೊಂಟದ ಅಳತೆಯನ್ನು ಮೂರು ತಿಂಗಳಿಗೊಮ್ಮೆ ಹೋಲಿಸಿ. ಕೆನ್ನೆಯ ಫೋಟೋವನ್ನು ಆರು ತಿಂಗಳಿಗೊಮ್ಮೆ ಹೋಲಿಸಿದರೆ ಸಾಕು. ಮೊದಲ ವರ್ಷ ಕೆನ್ನೆ ಇನ್ನಷ್ಟು ಕುಸಿಯದೆ ಹಾಗೇ ನಿಂತರೂ ಅದು ಗೆಲುವೇ.

ಹೊಟ್ಟೆ ಇಳಿಯಲಿ ಬಿಡಲಿ, ಹೃದಯದ ಲೆಕ್ಕ ಬೇರೆ ಇಡಿ. 40ರಿಂದ 75 ವಯಸ್ಸಿನ ಎಚ್‌ಐವಿ ಇರುವವರ ಮೇಲೆ ನಡೆದ ರಿಪ್ರೀವ್ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಪಿಟಾವಾಸ್ಟಾಟಿನ್ ಅನ್ನು ದಿನಕ್ಕೆ 4 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಶೇ. 35ರಷ್ಟು ಕಡಿಮೆಯಾದವು. ನಿಮ್ಮ ವಯಸ್ಸು ಅದರಲ್ಲಿ ಬಂದರೆ ಸ್ಟ್ಯಾಟಿನ್ ಬೇಕೇ ಅಂತ ಕೇಳಿ. ರಿಟೊನಾವಿರ್, ಕೊಬಿಸಿಸ್ಟಾಟ್ ತೆಗೆದುಕೊಳ್ಳುವವರು ಸಿಮ್ವಾಸ್ಟಾಟಿನ್ ಮತ್ತು ಲೊವಾಸ್ಟಾಟಿನ್ ಮಾತ್ರ ಮುಟ್ಟಬಾರದು. ಬೇರೆ ಡಾಕ್ಟರು ಬರೆದುಕೊಟ್ಟರೂ ಅಷ್ಟೇ, ಹಂತ 4ರ ಪಟ್ಟಿ ತೋರಿಸಿ ಬೇರೆಯದು ಕೇಳಿ.